ಕಡಲ ತಳದಲ್ಲಿ ಸಿಕ್ಕಿಕೊಂಡವರು: ಜಲಾಂತರ್ಗಾಮಿ ದುರಂತಗಳು ಮತ್ತು ರಕ್ಷಣೆಯ ಇತಿಹಾಸ

1939ರ ಮೇ 23ರಂದು ಅಮೆರಿಕದ ಪೂರ್ವ ಕರಾವಳಿಯಲ್ಲಿ ‘ಸ್ಕ್ವಾಲಸ್’ ಎಂಬ ಜಲಾಂತರ್ಗಾಮಿ ಮುಳುಗಿತು. ಒಂಬತ್ತು ದಿನಗಳ ನಂತರ, ಜೂನ್ 1ರಂದು, ಇಂಗ್ಲೆಂಡಿನ ಲಿವರ್‌ಪೂಲ್ ಕೊಲ್ಲಿಯಲ್ಲಿ ‘ಥೀಟಿಸ್’ ಮುಳುಗಿತು. ಎರಡೂ ಹೊಸದಾಗಿ ಕಟ್ಟಿದವು. ಎರಡೂ ಪರೀಕ್ಷೆಗೆಂದು ನೀರಿಗಿಳಿದಿದ್ದವು. ಆಗ ಯುದ್ಧವೂ ಇರಲಿಲ್ಲ, ಬಿರುಗಾಳಿಯೂ ಇರಲಿಲ್ಲ.

ಸ್ಕ್ವಾಲಸ್ 74 ಮೀಟರ್ ಆಳದಲ್ಲಿ ಬಿದ್ದಿತ್ತು. ನೀರು ನುಗ್ಗಿದ ಮೊದಲ ನಿಮಿಷಗಳಲ್ಲಿ 26 ಮಂದಿ ಸತ್ತರು. ಉಳಿದ 33 ಮಂದಿಯಲ್ಲಿ ಒಬ್ಬರನ್ನೂ ಬಿಡದೆ ಮೇಲೆ ತರಲಾಯಿತು. ಥೀಟಿಸ್‌ನ ಬಾಲವಾದರೋ ನೀರಿನ ಮೇಲೆಯೇ ಎದ್ದು ಕಾಣುತ್ತಿತ್ತು, ರಕ್ಷಣಾ ದೋಣಿಗಳು ಅದರ ಪಕ್ಕಕ್ಕೇ ಬಂದು ನಿಂತಿದ್ದವು. ಆದರೂ ಒಳಗಿದ್ದ 103 ಮಂದಿಯಲ್ಲಿ 99 ಮಂದಿ ಸತ್ತರು.

ಆಳದಲ್ಲಿದ್ದವರು ಬದುಕಿದರು, ಕೈಗೆಟುಕುವಷ್ಟು ಹತ್ತಿರ ಇದ್ದವರು ಸತ್ತರು. ಇದೇಕೆ ಹೀಗಾಯಿತು? ಒಂದೂವರೆ ಶತಮಾನದ ಜಲಾಂತರ್ಗಾಮಿ ದುರಂತಗಳ ಇತಿಹಾಸವನ್ನು ನೋಡಿದರೆ ಉತ್ತರ ಸಿಗುತ್ತದೆ. ಅಪಘಾತ ನಡೆಯುವ ಮೊದಲೇ ಮಾಡಿಟ್ಟ ಸಿದ್ಧತೆ, ನಡೆದ ಮೇಲೆ ಕಳೆದ ಗಂಟೆಗಳು, ನೆರವು ಕೇಳುವ ಮನಸ್ಸು: ಬದುಕು ಸಾವುಗಳನ್ನು ಬಹುಪಾಲು ತೀರ್ಮಾನಿಸಿರುವುದು ಈ ಮೂರು ಸಂಗತಿಗಳು.

ತಳದಲ್ಲಿ ಸಾವು ಬರುವುದು ಹೇಗೆ?

ಸಮುದ್ರದಲ್ಲಿ ಪ್ರತಿ 10 ಮೀಟರ್ ಕೆಳಗಿಳಿದಂತೆ ಒತ್ತಡ ಒಂದು ವಾತಾವರಣದಷ್ಟು ಹೆಚ್ಚುತ್ತದೆ. 100 ಮೀಟರ್ ಆಳದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 100 ಟನ್ ನೀರಿನ ಭಾರ ಬೀಳುತ್ತದೆ. ಆದ್ದರಿಂದ ಹ್ಯಾಚ್ ಎಂದು ಕರೆಯುವ ಮೇಲಿನ ಮುಚ್ಚಳವನ್ನು ಒಳಗಿನಿಂದ ಎಷ್ಟು ಜನ ಸೇರಿ ತಳ್ಳಿದರೂ ಅದು ಅಲುಗುವುದಿಲ್ಲ. ಒಳಗಿನ ಒತ್ತಡ ಹೊರಗಿನದಕ್ಕೆ ಸಮನಾದಾಗ ಮಾತ್ರ ತೆರೆಯುತ್ತದೆ.

ಇನ್ನೊಂದು ಶತ್ರು ಗಾಳಿ. ಸಿಕ್ಕಿಕೊಂಡವರು ಆಮ್ಲಜನಕ ಮುಗಿದು ಸಾಯುತ್ತಾರೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಆದರೆ ಹಲವು ಸಲ ಅದಕ್ಕೂ ಮೊದಲು ಕೊಲ್ಲುವುದು ಅವರೇ ಉಸಿರಿನಲ್ಲಿ ಬಿಟ್ಟ ಇಂಗಾಲದ ಡೈಆಕ್ಸೈಡ್. ಹಾಳು ಬಾವಿಗೆ ಇಳಿಯುವ ಮುನ್ನ ದೀಪ ಇಳಿಬಿಟ್ಟು ನೋಡುವುದು ಹಳ್ಳಿಯವರಿಗೆ ಗೊತ್ತು. ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಂತಿದ್ದರೆ ದೀಪ ಆರುತ್ತದೆ. ಮುಚ್ಚಿದ ಜಲಾಂತರ್ಗಾಮಿಯೂ ಅಂಥದೇ ಬಾವಿ. ಈ ಅನಿಲ ಶೇಕಡಾ 3 ದಾಟಿದರೆ ತಲೆನೋವು, ಏದುಸಿರು ಶುರುವಾಗುತ್ತದೆ. ಶೇಕಡಾ 10ರ ಹೊತ್ತಿಗೆ ಪ್ರಜ್ಞೆ ತಪ್ಪುತ್ತದೆ. ಇದರಿಂದಲೇ ಸಿಕ್ಕಿಕೊಂಡವರು ಮಾತು ಕಡಿಮೆ ಮಾಡಿ, ಅಲುಗಾಡದೆ ಮಲಗಬೇಕೆಂಬ ನಿಯಮವಿದೆ. ಇದರ ಜತೆ ಚಳಿಯೂ ಇದೆ. ವಿದ್ಯುತ್ ನಿಂತ ಮೇಲೆ ಹಡಗಿನ ಉಕ್ಕಿನ ಗೋಡೆ ಸಮುದ್ರದಷ್ಟೇ ತಣ್ಣಗಾಗುತ್ತದೆ.

ಮೊದಲ ಪಾರು: ಕೀಲ್, 1851

ಮುಳುಗಿದ ಜಲಾಂತರ್ಗಾಮಿಯಿಂದ ಜನ ಪಾರಾದ ಮೊದಲ ಘಟನೆ ನಡೆದದ್ದು ಜರ್ಮನಿಯ ಕೀಲ್ ಬಂದರಿನಲ್ಲಿ. 1851ರ ಫೆಬ್ರವರಿ 1ರಂದು ವಿಲ್ಹೆಲ್ಮ್ ಬಾವರ್ ತಾನೇ ಕಟ್ಟಿದ ‘ಬ್ರಾಂಟ್‌ಟಾಖರ್’ನಲ್ಲಿ ಇಬ್ಬರು ಸಂಗಡಿಗರೊಂದಿಗೆ ಮುಳುಗಿದ. ತೆಳುವಾದ ಗೋಡೆ ಒತ್ತಡ ತಾಳಲಾರದೆ ಬಾಗಿತು, ಹಡಗು ತಳ ಸೇರಿತು.

ಸಂಗಡಿಗರು ನೀರನ್ನು ಹೊರಹಾಕಲು ನೋಡಿದರು. ಬಾವರ್ ಅದನ್ನು ತಡೆದು, ಇನ್ನಷ್ಟು ನೀರನ್ನು ಒಳಗೆ ಬಿಡಬೇಕೆಂದ. ನೀರು ಏರಿದಂತೆ ಒಳಗಿನ ಗಾಳಿ ಒತ್ತಿಕೊಂಡು ಹೊರಗಿನ ಒತ್ತಡಕ್ಕೆ ಸಮನಾಗುತ್ತದೆ, ಆಗ ಮುಚ್ಚಳ ತೆರೆಯುತ್ತದೆ ಎಂಬುದು ಅವನ ಲೆಕ್ಕ. ಹಲವು ಗಂಟೆ ಕಾದ ಮೇಲೆ ಹಾಗೆಯೇ ಆಯಿತು. ಮೂವರೂ ಜೀವಂತವಾಗಿ ಮೇಲೆ ಬಂದರು. ಇಂದಿನ ಪಾರಾಗುವ ಕೋಣೆಗಳು ಕೆಲಸ ಮಾಡುವುದೂ ಇದೇ ತತ್ವದ ಮೇಲೆ.

ಎಲ್ಲರಿಗೂ ಆ ಅವಕಾಶ ಸಿಗಲಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದ ‘ಹನ್ಲಿ’ 1863ರಲ್ಲೇ ಎರಡು ಸಲ ಮುಳುಗಿ 13 ಮಂದಿಯನ್ನು ಬಲಿ ತೆಗೆದುಕೊಂಡಿತು. ಅದನ್ನು ಕಟ್ಟಿಸಿದ ಹೊರೇಸ್ ಹನ್ಲಿಯೂ ಅವರಲ್ಲಿ ಒಬ್ಬ. ಮತ್ತೆ ಮೇಲೆತ್ತಿ 1864ರ ಫೆಬ್ರವರಿ 17ರಂದು ಯುದ್ಧಕ್ಕೆ ಕಳುಹಿಸಿದಾಗ ಶತ್ರು ಹಡಗನ್ನು ಮುಳುಗಿಸಿ ತಾನೂ 8 ಮಂದಿಯೊಂದಿಗೆ ಮುಳುಗಿತು.

1917ರ ಜನವರಿ 29ರಂದು ಸ್ಕಾಟ್ಲೆಂಡಿನ ಗೇರ್‌ಲೋಖ್‌ನಲ್ಲಿ ಬ್ರಿಟನ್ನಿನ ‘ಕೆ-13’ ಪರೀಕ್ಷೆಯ ವೇಳೆ ಮುಳುಗಿತು. ಒಳಗಿದ್ದ 80 ಮಂದಿಯಲ್ಲಿ 32 ಮಂದಿ ಸತ್ತರು. ಉಳಿದವರಿಗೆ ಮೇಲಿನಿಂದ ಕೊಳವೆ ಜೋಡಿಸಿ ಗಾಳಿ ಕೊಡಲಾಯಿತು. ಕೊನೆಗೆ ಹಡಗಿನ ಮೂತಿಯನ್ನು ನೀರಿನ ಮೇಲೆತ್ತಿ, ಉಕ್ಕಿನಲ್ಲಿ ತೂತು ಕೊರೆದು ಹೊರತೆಗೆದರು. ಅಷ್ಟರಲ್ಲಿ 57 ಗಂಟೆ ಕಳೆದಿತ್ತು.

ಸುತ್ತಿಗೆಯ ಸದ್ದು

1925ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ‘ಎಸ್-51’ ಪ್ರಯಾಣಿಕರ ಹಡಗೊಂದಕ್ಕೆ ಡಿಕ್ಕಿಯಾಗಿ ಮುಳುಗಿತು. 33 ಮಂದಿ ಸತ್ತರು. ಅದನ್ನು ಹುಡುಕಲು ಹೋದವರಲ್ಲಿ ‘ಎಸ್-1’ ಜಲಾಂತರ್ಗಾಮಿಯ ಅಧಿಕಾರಿ ಚಾರ್ಲ್ಸ್ ಮಾಮ್ಸೆನ್ ಒಬ್ಬರು. ನೀರಿನ ಮೇಲೆ ತೇಲುತ್ತಿದ್ದ ಎಣ್ಣೆ ಕಂಡಿತು. ಕೆಳಗಿದ್ದವರನ್ನು ಮುಟ್ಟಲು ಮಾತ್ರ ಅವರ ಬಳಿ ಯಾವ ಸಾಧನವೂ ಇರಲಿಲ್ಲ. ಅನಂತರ ಅವರು ಗಂಟೆಯಾಕಾರದ ರಕ್ಷಣಾ ಕೋಣೆಯ ನಕ್ಷೆಯೊಂದನ್ನು ಮಾಡಿ ಮೇಲಧಿಕಾರಿಗಳಿಗೆ ಕಳುಹಿಸಿದರು. ಕಾರ್ಯಸಾಧ್ಯವಲ್ಲ ಎಂದು ಅದನ್ನು ತಳ್ಳಿಹಾಕಲಾಯಿತು.

ಎರಡು ವರ್ಷದ ಬಳಿಕ, 1927ರ ಡಿಸೆಂಬರ್ 17ರಂದು ‘ಎಸ್-4’ ಮುಳುಗಿತು. ಮುಳುಗು ತಜ್ಞರು ಇಳಿದು ಹಡಗಿನ ಮೈಯನ್ನು ಬಡಿದಾಗ ಒಳಗಿನಿಂದ ಉತ್ತರದ ಸದ್ದು ಬಂತು. ಟಾರ್ಪಿಡೊ ಕೋಣೆಯಲ್ಲಿ ಆರು ಮಂದಿ ಬದುಕಿದ್ದರು. ಬೇಗ ಬರುವಂತೆ ಅವರು ಮೋರ್ಸ್ ಸಂಕೇತದಲ್ಲಿ ಬಡಿದು ತಿಳಿಸಿದರು. ಆಳ 35 ಮೀಟರ್‌ಗಿಂತ ಕಡಿಮೆಯೇ ಇತ್ತು. ಆದರೆ ಬಿರುಗಾಳಿ ಎದ್ದು ಕೆಲಸ ನಿಂತಿತು. ಸದ್ದು ದಿನದಿಂದ ದಿನಕ್ಕೆ ಕ್ಷೀಣಿಸಿ ಕೊನೆಗೆ ನಿಂತೇಹೋಯಿತು. ಸತ್ತವರು ಒಟ್ಟು 40 ಮಂದಿ.

ಈ ಸುದ್ದಿ ಅಮೆರಿಕದ ಜನರನ್ನು ಕೆರಳಿಸಿತು. ಮಾಮ್ಸೆನ್ ಅವರಿಗೆ ಕೆಲಸ ಮಾಡಲು ಅವಕಾಶ ಸಿಕ್ಕಿತು. ಉಸಿರಿನ ಕೆಟ್ಟ ಅನಿಲವನ್ನು ಹೀರಿಕೊಳ್ಳುವ ಚೀಲ, ಅಂದರೆ ‘ಮಾಮ್ಸೆನ್ ಲಂಗ್’ ಬಂತು. ರಕ್ಷಣಾ ಗಂಟೆಯನ್ನು ಅಲನ್ ಮೆಕಾನ್ ಎಂಬ ಅಧಿಕಾರಿ ಪೂರ್ಣಗೊಳಿಸಿದ್ದರಿಂದ ಅದಕ್ಕೆ ‘ಮೆಕಾನ್ ರಕ್ಷಣಾ ಕೋಣೆ’ ಎಂದು ಹೆಸರಾಯಿತು.

ಸ್ಕ್ವಾಲಸ್: ನಾಲ್ಕು ಸುತ್ತು, 33 ಜೀವ

ಸ್ಕ್ವಾಲಸ್ ಮುಳುಗಲು ಶುರುಮಾಡಿದಾಗ ಎಂಜಿನ್‌ಗೆ ಗಾಳಿ ಹೋಗುವ ದೊಡ್ಡ ಕವಾಟ ತೆರೆದೇ ಇತ್ತು. ಕವಾಟಗಳೆಲ್ಲ ಮುಚ್ಚಿವೆ ಎಂದು ಫಲಕದ ಹಸಿರು ದೀಪಗಳು ತೋರಿಸುತ್ತಿದ್ದವು. ಹಿಂಭಾಗಕ್ಕೆ ನೀರು ನುಗ್ಗಿತು. ಲಾಯ್ಡ್ ಮೇನೆಸ್ ಎಂಬ ವಿದ್ಯುತ್ ಕೆಲಸಗಾರ ನಡುವಿನ ಭಾರವಾದ ಬಾಗಿಲನ್ನು ಹಿಡಿದು, ಓಡಿ ಬರಲು ಸಾಧ್ಯವಾದವರನ್ನು ಈಚೆಗೆ ಬಿಟ್ಟು, ಅನಂತರ ಮುಚ್ಚಿದ. ಆ ಬಾಗಿಲು ಮುಚ್ಚದಿದ್ದರೆ ಉಳಿದವರೂ ಬದುಕುತ್ತಿರಲಿಲ್ಲ.

ಒಳಗಿದ್ದವರು ದೂರವಾಣಿ ಇದ್ದ ತೇಲುಬುರುಡೆಯನ್ನು ಮೇಲಕ್ಕೆ ಬಿಟ್ಟರು. ಹುಡುಕಿಕೊಂಡು ಬಂದ ‘ಸ್ಕಲ್ಪಿನ್’ಗೆ ಅದು ಕಂಡಿತು. ಮಾತು ಶುರುವಾದ ಸ್ವಲ್ಪ ಹೊತ್ತಿನಲ್ಲೇ ತಂತಿ ಹರಿದರೂ ಜಾಗ ಗೊತ್ತಾಗಿತ್ತು. ವಾಷಿಂಗ್ಟನ್‌ನಿಂದ ಮಾಮ್ಸೆನ್ ವಿಮಾನದಲ್ಲಿ ಬಂದರು. ರಕ್ಷಣಾ ಕೋಣೆಯನ್ನು ಹೊತ್ತು ‘ಫಾಲ್ಕನ್’ ಹಡಗು ಬಂತು.

ಮೇ 24ರಂದು ಮುಳುಗು ತಜ್ಞನೊಬ್ಬ ಕೆಳಗಿಳಿದು ಹ್ಯಾಚ್‌ಗೆ ಉಕ್ಕಿನ ಹಗ್ಗ ಕಟ್ಟಿದ. ಆ ಹಗ್ಗವನ್ನು ಸುತ್ತಿಕೊಳ್ಳುತ್ತ ರಕ್ಷಣಾ ಕೋಣೆ ಕೆಳಗಿಳಿದು ಹ್ಯಾಚ್ ಮೇಲೆ ಕುಳಿತಿತು. ಅದರ ಕೆಳಭಾಗದ ನೀರನ್ನು ಹೊರಹಾಕಿದೊಡನೆ ಸಮುದ್ರದ ಒತ್ತಡವೇ ಕೋಣೆಯನ್ನು ಹಡಗಿಗೆ ಅದುಮಿ ಹಿಡಿಯಿತು. ಈಗ ಮುಚ್ಚಳವನ್ನು ನೀರಿನ ಭಯವಿಲ್ಲದೆ ತೆರೆಯಬಹುದಿತ್ತು. ಮೊದಲ ಸಲ 7, ಎರಡನೆಯ ಮತ್ತು ಮೂರನೆಯ ಸಲ ತಲಾ 9, ಕೊನೆಯ ಸಲ 8 ಮಂದಿ ಹತ್ತಿದರು. ಕೊನೆಯ ಸುತ್ತಿನಲ್ಲಿ ಹಗ್ಗ ಸಿಕ್ಕಿಕೊಂಡು, ಎಳೆಗಳು ಹರಿಯತೊಡಗಿ, ಗಂಟೆಗಟ್ಟಲೆ ತಡವಾಯಿತು. ಮಧ್ಯರಾತ್ರಿ ಕಳೆದ ಮೇಲೆ ಕೊನೆಯವರು ಮೇಲೆ ಬಂದರು. ದುರಂತ ನಡೆದು ಸುಮಾರು 39 ಗಂಟೆ ಆಗಿತ್ತು.

ಥೀಟಿಸ್: ಒಂದು ತೊಟ್ಟು ಬಣ್ಣ

ಥೀಟಿಸ್ ಸರಿಯಾಗಿ ಮುಳುಗುತ್ತಿರಲಿಲ್ಲ, ಮೂತಿ ಹಗುರವಾಗಿತ್ತು. ಟಾರ್ಪಿಡೊ ಕೊಳವೆಗಳಲ್ಲಿ ನೀರು ಇದೆಯೇ ಎಂದು ನೋಡಲು ಅಧಿಕಾರಿಯೊಬ್ಬರು ಮುಂದಾದರು. ನೀರಿದ್ದರೆ ತೋರಿಸಬೇಕಾದ ಸಣ್ಣ ತೂತು ಬಣ್ಣ ಬಳಿದಾಗ ಕಟ್ಟಿಕೊಂಡಿತ್ತು. ಹನಿ ಬರಲಿಲ್ಲ. ಕೊಳವೆ ಬರಿದಾಗಿದೆ ಎಂದುಕೊಂಡು 5ನೇ ಕೊಳವೆಯ ಹಿಂಬಾಗಿಲು ತೆರೆದರು. ಅದರ ಮುಂಬಾಗಿಲು ಸಮುದ್ರಕ್ಕೆ ತೆರೆದೇ ಇತ್ತು.

ಒಳಗೆ 53 ಮಂದಿ ನಾವಿಕರು ಇರಬೇಕಾದಲ್ಲಿ ಕಾರ್ಖಾನೆಯ ಕೆಲಸಗಾರರು, ಇತರ ಅಧಿಕಾರಿಗಳು, ಅಡುಗೆಯವರು ಸೇರಿ 103 ಮಂದಿ ಇದ್ದರು. ಹೀಗಾಗಿ ಗಾಳಿ ಕೆಡುವ ವೇಗವೂ ಸುಮಾರು ಎರಡು ಪಟ್ಟಾಯಿತು. ಅಪಾಯ ಖಚಿತವಾಗಿ ಹುಡುಕಾಟ ಬಿರುಸಾಗಲು ಹೊತ್ತು ಹಿಡಿಯಿತು. ಮರುದಿನ ಬೆಳಿಗ್ಗೆ ಹಡಗಿನ ಬಾಲ ನೀರಿನ ಮೇಲೆ ಕಂಡಿತು. ಪಾರಾಗುವ ಕೋಣೆಯ ಮೂಲಕ ನಾಲ್ವರು ಉಸಿರಾಟದ ಚೀಲ ಕಟ್ಟಿಕೊಂಡು ಹೊರಬಂದರು. ಸಮಯ ಉಳಿಸಲು ಒಮ್ಮೆಗೇ ನಾಲ್ವರು ಒಂದೇ ಕೋಣೆಗೆ ಹೊಕ್ಕ ಪ್ರಯತ್ನ ಸಾವಿನಲ್ಲಿ ಮುಗಿಯಿತು. ಮತ್ತೆ ಯಾರೂ ಹೊರಬರಲಿಲ್ಲ. ಮಧ್ಯಾಹ್ನ ಬಾಲವನ್ನು ಎತ್ತಿ ಹಿಡಿದಿದ್ದ ತಂತಿ ಹರಿದು ಹಡಗು ಪೂರ್ತಿ ಮುಳುಗಿತು.

ಸ್ಕ್ವಾಲಸ್‌ಗೆ ಸಿದ್ಧವಾಗಿದ್ದ ರಕ್ಷಣಾ ಕೋಣೆಯಂಥದು ಥೀಟಿಸ್‌ಗೆ ಇರಲಿಲ್ಲ. ಉಕ್ಕು ಕತ್ತರಿಸುವ ಕೆಲಸವೂ ಬೇಗ ಶುರುವಾಗಲಿಲ್ಲ. ಎರಡು ದುರಂತಗಳ ನಡುವಿನ ವ್ಯತ್ಯಾಸ ಇರುವುದು ಇಲ್ಲಿಯೇ.

ಮೇಲೆ ಬಂದರೂ ಸಾಲದು

1950ರ ಜನವರಿ 12ರ ರಾತ್ರಿ ಬ್ರಿಟನ್ನಿನ ‘ಟ್ರಕ್ಯುಲೆಂಟ್’ ಥೇಮ್ಸ್ ನದೀಮುಖದಲ್ಲಿ ಸ್ವೀಡನ್‌ನ ಎಣ್ಣೆ ಹಡಗಿಗೆ ಡಿಕ್ಕಿಯಾಯಿತು. ಒಳಗಿದ್ದ ಹಲವರು ಶಿಸ್ತಿನಿಂದ ಪಾರಾಗಿ ನೀರಿನ ಮೇಲೆ ಬಂದರು. ಆದರೆ ಮೇಲೆ ಕತ್ತಲೆ, ಚಳಿ, ಇಳಿತದ ಸೆಳೆತ. ಎತ್ತಿಕೊಳ್ಳಲು ದೋಣಿ ಬರುವ ಮೊದಲೇ ಬಹಳ ಮಂದಿ ಸಮುದ್ರಕ್ಕೆ ಕೊಚ್ಚಿಹೋದರು. 64 ಮಂದಿ ಸತ್ತರು. ಇಂದಿನ ನಾವಿಕರಿಗೆ ತಲೆಯಿಂದ ಕಾಲಿನವರೆಗೆ ಮುಚ್ಚಿ ಬೆಚ್ಚಗಿಡುವ, ನೀರಿನ ಮೇಲೆ ತೇಲಿಸುವ ಉಡುಪು ಇರುವುದು ಇಂಥ ಪಾಠಗಳಿಂದ.

ಕೈಗೆಟುಕದ ಆಳ

1963ರ ಏಪ್ರಿಲ್ 10ರಂದು ಅಮೆರಿಕದ ಅಣುಶಕ್ತಿ ಜಲಾಂತರ್ಗಾಮಿ ‘ಥ್ರೆಶರ್’ 129 ಮಂದಿಯೊಂದಿಗೆ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ಅಲ್ಲಿಯ ಆಳ 2,500 ಮೀಟರ್‌ಗೂ ಹೆಚ್ಚು. ಅಷ್ಟು ದೂರ ಇಳಿಯುವ ಮೊದಲೇ ಒತ್ತಡಕ್ಕೆ ಹಡಗಿನ ಒಡಲು ನುಚ್ಚುನೂರಾಗುತ್ತದೆ. ಅಂಥಲ್ಲಿ ರಕ್ಷಣೆಯ ಮಾತೇ ಇಲ್ಲ, ತಡೆಗಟ್ಟುವುದೊಂದೇ ದಾರಿ. ಆ ಬಳಿಕ ಅಮೆರಿಕ ‘ಸಬ್‌ಸೇಫ್’ ಎಂಬ ಕಟ್ಟುನಿಟ್ಟಿನ ತಪಾಸಣೆ ಪದ್ಧತಿಯನ್ನು ತಂದಿತು. ಆ ಪದ್ಧತಿಯ ಪ್ರಮಾಣಪತ್ರ ಪಡೆದ ಯಾವ ಜಲಾಂತರ್ಗಾಮಿಯೂ ಅಂದಿನಿಂದ ಮುಳುಗಿಲ್ಲ.

ಒಡಲು ಉಳಿಯುವಷ್ಟು ಆಳದಲ್ಲಿ ಸಿಕ್ಕಿಕೊಂಡವರಿಗಾಗಿ ‘ಡಿಎಸ್‌ಆರ್‌ವಿ’ ಎಂಬ ಪುಟ್ಟ ರಕ್ಷಣಾ ಜಲಾಂತರ್ಗಾಮಿಗಳು ಬಂದವು. 1970ರಲ್ಲಿ ‘ಮಿಸ್ಟಿಕ್’, 1971ರಲ್ಲಿ ‘ಅವಲಾನ್’ ನೀರಿಗಿಳಿದವು. ಇವು ತಾವೇ ಚಲಿಸಿ ಹೋಗಿ ಹ್ಯಾಚ್‌ಗೆ ಅಂಟಿಕೊಂಡು ಒಮ್ಮೆಗೆ 24 ಮಂದಿಯನ್ನು ತರಬಲ್ಲವಾಗಿದ್ದವು. ವಿಮಾನದಲ್ಲಿ ಸಾಗಿಸಬಹುದಾಗಿದ್ದುದು ಇವುಗಳ ದೊಡ್ಡ ಗುಣ.

ಕುರ್ಸ್ಕ್: ಕಳೆದುಹೋದ ದಿನಗಳು

2000ದ ಆಗಸ್ಟ್ 12ರಂದು ಬ್ಯಾರೆಂಟ್ಸ್ ಸಮುದ್ರದಲ್ಲಿ ರಷ್ಯಾದ ‘ಕುರ್ಸ್ಕ್’ನೊಳಗೆ ಟಾರ್ಪಿಡೊ ಇಂಧನ ಸೋರಿ ಸ್ಫೋಟವಾಯಿತು. ಎರಡು ನಿಮಿಷ ಕಳೆದು ಉಳಿದ ಟಾರ್ಪಿಡೊಗಳೂ ಸಿಡಿದವು. 118 ಮಂದಿಯಿದ್ದ ಹಡಗು 108 ಮೀಟರ್ ಆಳದ ತಳಕ್ಕೆ ಬಿತ್ತು.

ಹಿಂಭಾಗದ 6, 7, 8ನೇ ಕೋಣೆಗಳಲ್ಲಿ ಬದುಕುಳಿದವರು 9ನೇ ಕೋಣೆಗೆ ಸೇರಿದರು. ಒಟ್ಟು 23 ಮಂದಿ. ಅವರಲ್ಲಿದ್ದ ಅಧಿಕಾರಿ ದಿಮಿತ್ರಿ ಕೊಲೆಸ್ನಿಕೊವ್ ಎಲ್ಲರ ಹೆಸರು ಬರೆದಿಟ್ಟರು. ಬೆಳಕು ಹೋದ ಮೇಲೆ ಕತ್ತಲೆಯಲ್ಲೇ ತಡವರಿಸಿ ಬರೆದರು. ಶವದ ಜೇಬಿನಲ್ಲಿ ಸಿಕ್ಕ ಆ ಚೀಟಿಯಿಂದಲೇ ಒಳಗಿನ ಕಥೆ ಹೊರಗಿನವರಿಗೆ ತಿಳಿಯಿತು.

ಮೇಲೆ ರಷ್ಯಾದ ರಕ್ಷಣಾ ವಾಹನಗಳು ಮತ್ತೆ ಮತ್ತೆ ಪ್ರಯತ್ನಿಸಿ ಸೋತವು. ಬ್ರಿಟನ್ ಮತ್ತು ನಾರ್ವೆ ನೆರವು ನೀಡಲು ಮುಂದಾದರೂ ರಷ್ಯಾ ಅದನ್ನು ಒಪ್ಪಿದ್ದು ಆಗಸ್ಟ್ 16ರಂದು. ನಾರ್ವೆಯ ಮುಳುಗು ತಜ್ಞರು ಬಂದು ಕೆಲಸಕ್ಕೆ ಇಳಿದ ಮರುದಿನವೇ, ಅಂದರೆ 21ರಂದು, ಹ್ಯಾಚ್ ತೆರೆಯಿತು. ಒಳಗೆ ನೀರು ತುಂಬಿತ್ತು.

ಆಮ್ಲಜನಕ ಉತ್ಪಾದಿಸುವ ರಾಸಾಯನಿಕಕ್ಕೆ ಬೆಂಕಿ ಹತ್ತಿ ಆ 23 ಮಂದಿ ಕೆಲವೇ ಗಂಟೆಗಳಲ್ಲಿ ಸತ್ತಿರಬೇಕೆಂದು ಅಧಿಕೃತ ತನಿಖೆ ಹೇಳಿತು. ಅಂದರೆ ನೆರವು ಬೇಗ ಬಂದಿದ್ದರೂ ಅವರು ಉಳಿಯುತ್ತಿರಲಿಲ್ಲವೇನೋ. ಆದರೆ ಮೇಲಿದ್ದವರಿಗೆ ಆ ದಿನಗಳಲ್ಲಿ ಇದು ಗೊತ್ತಿರಲಿಲ್ಲ. ಒಳಗೆ ಜನ ಬದುಕಿರಬಹುದು ಎಂದು ದಡದಲ್ಲಿ ಕಾದಿದ್ದ ಕುಟುಂಬಗಳಿಗೆ ನಾಲ್ಕು ದಿನಗಳ ಆ ವಿಳಂಬಕ್ಕೆ ಸಮಾಧಾನ ಸಿಗಲೇ ಇಲ್ಲ.

ಪ್ರಿಜ್: ಐದು ವರ್ಷದ ನಂತರ

2005ರ ಆಗಸ್ಟ್ 4ರಂದು ಅದೇ ರಷ್ಯಾದ ‘ಪ್ರಿಜ್’ ಮಾದರಿಯ ಎಎಸ್-28 ಎಂಬ ಸಣ್ಣ ಜಲಾಂತರ್ಗಾಮಿ ಕಾಮ್‌ಚಾಟ್ಕಾ ಬಳಿ 190 ಮೀಟರ್ ಆಳದಲ್ಲಿ ಮೀನಿನ ಬಲೆ ಮತ್ತು ಕೇಬಲ್‌ಗಳಿಗೆ ಸಿಕ್ಕಿಕೊಂಡಿತು. ಬೇರೆಯವರನ್ನು ರಕ್ಷಿಸಲೆಂದೇ ಕಟ್ಟಿದ ವಾಹನ ಅದು. ಒಳಗೆ ಏಳು ಮಂದಿ. ಚಳಿ ತಡೆಯುವ ಉಡುಪು ತೊಟ್ಟು, ಉಸಿರು ಉಳಿಸಲು ಅಲುಗಾಡದೆ ಮಲಗಿ ಕಾದರು.

ಈ ಸಲ ರಷ್ಯಾ ಮರುದಿನವೇ ಜಗತ್ತಿನ ನೆರವು ಕೇಳಿತು. ಬ್ರಿಟನ್, ಅಮೆರಿಕ, ಜಪಾನ್ ಸ್ಪಂದಿಸಿದವು. ಬ್ರಿಟನ್ ‘ಸ್ಕಾರ್ಪಿಯೊ’ ಎಂಬ ಮಾನವರಹಿತ ಯಂತ್ರವನ್ನು ವಿಮಾನದಲ್ಲಿ ಕಳುಹಿಸಿತು. ಅದು ನೀರಿಗಿಳಿದು ಬಲೆ, ಕೇಬಲ್‌ಗಳನ್ನು ಒಂದೊಂದಾಗಿ ಕತ್ತರಿಸಿತು. ಆಗಸ್ಟ್ 7ರಂದು ಎಎಸ್-28 ಮೇಲೆ ತೇಲಿತು. ಏಳು ಮಂದಿಯೂ ತಾವೇ ಹ್ಯಾಚ್ ತೆರೆದು ಹೊರಬಂದರು.

ಕುರ್ಸ್ಕ್ ದುರಂತದ ನಂತರ, 2003ರಲ್ಲಿ, ಜಲಾಂತರ್ಗಾಮಿ ರಕ್ಷಣೆಗಾಗಿ ‘ಇಸ್ಮೆರ್ಲೊ’ ಎಂಬ ಅಂತರರಾಷ್ಟ್ರೀಯ ಸಂಪರ್ಕ ಕಚೇರಿ ಶುರುವಾಯಿತು. ಯಾವ ದೇಶದಲ್ಲಿ ಯಾವ ರಕ್ಷಣಾ ಸಾಧನವಿದೆ, ಹತ್ತಿರದ ಹಡಗು ಯಾವುದು ಎಂಬ ಮಾಹಿತಿಯನ್ನು ಅದು ಇಟ್ಟುಕೊಂಡಿರುತ್ತದೆ. ಶತ್ರು ಮಿತ್ರ ಭೇದ ಇಲ್ಲಿ ನಡೆಯುವುದಿಲ್ಲ.

ಇಷ್ಟಾದರೂ ಆಳಕ್ಕೆ ಮದ್ದಿಲ್ಲ. 2017ರ ನವೆಂಬರ್ 15ರಂದು ಅರ್ಜೆಂಟೀನಾದ ‘ಸಾನ್ ಹುವಾನ್’ 44 ಮಂದಿಯೊಂದಿಗೆ ಕಾಣೆಯಾಯಿತು. ಹಲವು ದೇಶಗಳು ಹುಡುಕಿದವು. ಒಂದು ವರ್ಷದ ನಂತರ ಸುಮಾರು 900 ಮೀಟರ್ ಆಳದಲ್ಲಿ ಅದರ ಅವಶೇಷ ಸಿಕ್ಕಿತು.

ಭಾರತದ ಸಿದ್ಧತೆ

ಭಾರತೀಯ ನೌಕಾಪಡೆಗೆ ಮೊದಲ ಜಲಾಂತರ್ಗಾಮಿ ‘ಐಎನ್‌ಎಸ್ ಕಲ್ವರಿ’ ಸೇರಿದ್ದು 1967ರ ಡಿಸೆಂಬರ್ 8ರಂದು. ನಮ್ಮ ಕಡಲಲ್ಲೂ ದುರಂತಗಳ ನೆನಪಿದೆ. 1971ರ ಯುದ್ಧದಲ್ಲಿ ಪಾಕಿಸ್ತಾನದ ‘ಘಾಜಿ’ ವಿಶಾಖಪಟ್ಟಣದ ಎದುರು 90ಕ್ಕೂ ಹೆಚ್ಚು ಮಂದಿಯೊಂದಿಗೆ ಮುಳುಗಿತು. 2013ರ ಆಗಸ್ಟ್ 14ರಂದು ಮುಂಬೈ ನೌಕಾ ಬಂದರಿನಲ್ಲಿ ನಿಂತಿದ್ದ ‘ಐಎನ್‌ಎಸ್ ಸಿಂಧುರಕ್ಷಕ್’ ಸ್ಫೋಟಗೊಂಡು 18 ಮಂದಿ ಸತ್ತರು. 2014ರ ಫೆಬ್ರವರಿಯಲ್ಲಿ ‘ಐಎನ್‌ಎಸ್ ಸಿಂಧುರತ್ನ’ದೊಳಗೆ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು ಪ್ರಾಣ ಬಿಟ್ಟರು. ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ನೈತಿಕ ಹೊಣೆ ಹೊತ್ತು ಅಂದೇ ರಾಜೀನಾಮೆ ಕೊಟ್ಟರು.

2016ರಲ್ಲಿ ಭಾರತ ಎರಡು ಡಿಎಸ್‌ಆರ್‌ವಿಗಳಿಗಾಗಿ ಬ್ರಿಟನ್ನಿನ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಮೊದಲನೆಯದು 2018ರಲ್ಲಿ ಮುಂಬೈಯಲ್ಲಿ ಸೇವೆಗೆ ಸೇರಿತು. ಇನ್ನೊಂದರ ನೆಲೆ ವಿಶಾಖಪಟ್ಟಣ. ಇವು 650 ಮೀಟರ್ ಆಳದವರೆಗೆ ಇಳಿಯಬಲ್ಲವು. ಪಶ್ಚಿಮ ಕರಾವಳಿಯಲ್ಲಿ ಒಂದು, ಪೂರ್ವದಲ್ಲಿ ಒಂದು ಇರುವುದರಿಂದ ಎರಡೂ ಕಡಲುಗಳಿಗೆ ಬೇಗ ತಲುಪಬಹುದು.

2021ರ ಏಪ್ರಿಲ್ 21ರಂದು ಇಂಡೊನೇಷ್ಯಾದ ‘ನಂಗಾಲಾ’ ಬಾಲಿ ದ್ವೀಪದ ಉತ್ತರಕ್ಕೆ ಮುಳುಗಿದಾಗ ಭಾರತ ಮರುದಿನವೇ ವಿಶಾಖಪಟ್ಟಣದಿಂದ ಡಿಎಸ್‌ಆರ್‌ವಿ ಕಳುಹಿಸಿತು. ಆದರೆ ಹಡಗು 838 ಮೀಟರ್ ಆಳದಲ್ಲಿ ಮೂರು ತುಂಡಾಗಿ ಸಿಕ್ಕಿತು. 53 ಮಂದಿಯಲ್ಲಿ ಯಾರೂ ಉಳಿದಿರಲಿಲ್ಲ.

2025ರ ಜುಲೈ 18ರಂದು ವಿಶಾಖಪಟ್ಟಣದಲ್ಲಿ ‘ಐಎನ್‌ಎಸ್ ನಿಸ್ತಾರ್’ ಸೇವೆಗೆ ಸೇರಿತು. ಹಿಂದೂಸ್ತಾನ್ ಶಿಪ್‌ಯಾರ್ಡ್ ಕಟ್ಟಿದ ಈ ಹಡಗು ಮುಳುಗು ತಜ್ಞರಿಗೂ ಡಿಎಸ್‌ಆರ್‌ವಿಗೂ ತಾಯಿಹಡಗು. ನಿಸ್ತಾರ ಎಂದರೆ ಪಾರುಮಾಡುವುದು ಎಂದೇ ಅರ್ಥ.

ಒಂದು ನೋಟದಲ್ಲಿ

1851 – ಬ್ರಾಂಟ್‌ಟಾಖರ್, ಜರ್ಮನಿ: ಮೂವರೂ ಪಾರು
1917 – ಕೆ-13, ಬ್ರಿಟನ್: 32 ಸಾವು, 57 ಗಂಟೆಯ ಬಳಿಕ ಉಳಿದವರ ರಕ್ಷಣೆ
1927 – ಎಸ್-4, ಅಮೆರಿಕ: 40 ಸಾವು
1939 – ಸ್ಕ್ವಾಲಸ್, ಅಮೆರಿಕ: 26 ಸಾವು, 33 ಮಂದಿ ರಕ್ಷಣೆ
1939 – ಥೀಟಿಸ್, ಬ್ರಿಟನ್: 99 ಸಾವು, 4 ಮಂದಿ ಪಾರು
1950 – ಟ್ರಕ್ಯುಲೆಂಟ್, ಬ್ರಿಟನ್: 64 ಸಾವು
1963 – ಥ್ರೆಶರ್, ಅಮೆರಿಕ: 129 ಸಾವು
2000 – ಕುರ್ಸ್ಕ್, ರಷ್ಯಾ: 118 ಸಾವು
2005 – ಎಎಸ್-28, ರಷ್ಯಾ: ಏಳೂ ಮಂದಿ ರಕ್ಷಣೆ
2017 – ಸಾನ್ ಹುವಾನ್, ಅರ್ಜೆಂಟೀನಾ: 44 ಸಾವು
2021 – ನಂಗಾಲಾ, ಇಂಡೊನೇಷ್ಯಾ: 53 ಸಾವು

ಆಂಧ್ರದ ಕಡೆಯ ಓದುಗರಲ್ಲಿ ಹಲವರು ವಿಶಾಖಪಟ್ಟಣದ ರಾಮಕೃಷ್ಣ ಬೀಚ್‌ನಲ್ಲಿ ಮರಳಿನ ಮೇಲೆ ನಿಂತಿರುವ ‘ಐಎನ್‌ಎಸ್ ಕುರ್ಸುರ’ವನ್ನು ನೋಡಿರಬಹುದು. ನಿವೃತ್ತಿಯಾದ ಈ ಜಲಾಂತರ್ಗಾಮಿ 2002ರಿಂದ ಸಂಗ್ರಹಾಲಯವಾಗಿದೆ. ಅದರೊಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ದುಂಡನೆಯ ಬಾಗಿಲಲ್ಲಿ ಬಗ್ಗಿ, ಕಾಲೆತ್ತಿ ದಾಟಬೇಕು. ಪ್ರವಾಸಕ್ಕೆ ಹೋದ ಮಕ್ಕಳು ನಗುತ್ತ ದಾಟುವ ಬಾಗಿಲು ಅದು. ಸ್ಕ್ವಾಲಸ್‌ನಲ್ಲಿ ಮೇನೆಸ್ ಹಿಡಿದು ನಿಂತು, ಬರುವವರನ್ನು ಬಿಟ್ಟುಕೊಂಡು, ಮುಚ್ಚಿದ್ದೂ ಇಂಥದೇ ಕೆಲಸಕ್ಕೆ ಇಟ್ಟ ಬಾಗಿಲನ್ನು.